ಅಮ್ಮನಿಗೆ ಕರೆಂಟ್ ಟ್ರೀಟ್‌ಮೆಂಟ್ ಕೊಡಿಸಬಹುದಾ?

ಪ್ರಶ್ನೆ: ನನ್ನ ಅಮ್ಮನಿಗೆ 61 ವರ್ಷ. ಬಿಪಿ ಇದೆ, ಅದಕ್ಕೆ ಮಾತ್ರೆ ತಗೊಳ್ತಾರೆ. ಕೆಲವು ತಿಂಗಳಿಂದ ಖಿನ್ನತೆಗೆ ಚಿಕಿತ್ಸೆ ನಡೆಯುತ್ತಿದೆ. ಎರಡು ಬಗೆಯ ಮಾತ್ರೆ ಕೊಟ್ಟು ನೋಡಿದರೂ ಗುಣ ಕಂಡಿಲ್ಲ. ಈಗ ಊಟ ತುಂಬಾ ಕಡಿಮೆಯಾಗಿದೆ. "ನನ್ನ ಕರುಳು ಕೊಳೆತು ಹೋಗಿದೆ, ತಿಂದದ್ದು ಒಳಗೆ ಇಳಿಯಲ್ಲ, ನನ್ನ ಪಾಪದಿಂದ ಮನೆಯೆಲ್ಲ ಹಾಳಾಗುತ್ತೆ" ಅಂತ ಹೇಳುತ್ತಲೇ ಇರುತ್ತಾರೆ. ಡಾಕ್ಟರು ಇಸಿಟಿ, ಅಂದರೆ ತಲೆಗೆ ಕರೆಂಟ್ ಕೊಡುವ ಚಿಕಿತ್ಸೆ, ಕೊಡೋಣ ಅಂದಿದ್ದಾರೆ. ದೊಡ್ಡಪ್ಪ ಬೇಡವೇ ಬೇಡ ಅನ್ನುತ್ತಾರೆ. ಕರೆಂಟ್ ಕೊಟ್ಟರೆ ಮಿದುಳು ಸುಟ್ಟುಹೋಗುತ್ತೆ, ನೆನಪೆಲ್ಲ ಅಳಿಸಿಹೋಗುತ್ತೆ ಅನ್ನೋದು ಅವರ ಭಯ. ನನಗೂ ಭಯವೇ. ಮಂಡಿನೋವಿಗೆ ಅಂತ ಫಿಸಿಯೋಥೆರಪಿಯಲ್ಲಿ ಅಮ್ಮನಿಗೆ ಹಿಂದೆ ಕರೆಂಟ್ ಕೊಡುತ್ತಿದ್ದರು. ಅದೂ ಇದೂ ಒಂದೇನಾ? ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಬಹುದಾ?
— ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು

ಉತ್ತರ: ಮೊದಲು ಊಟದ ವಿಷಯ. ಅಮ್ಮ ನೀರು, ಗಂಜಿಯನ್ನಾದರೂ ಸಾಕಷ್ಟು ಕುಡಿಯುತ್ತಿದ್ದಾರಾ ನೋಡಿ. ಇಡೀ ದಿನದಲ್ಲಿ ಒಂದೆರಡು ಲೋಟ ಬಿಟ್ಟು ಏನೂ ಹೊಟ್ಟೆಗೆ ಹೋಗುತ್ತಿಲ್ಲ, ಮೂತ್ರ ಕಡಿಮೆಯಾಗಿದೆ, ಎದ್ದು ನಿಂತರೆ ತಲೆ ಸುತ್ತುತ್ತೆ ಅಂತಾದರೆ ಈ ಉತ್ತರ ಓದಿ ಮುಗಿಸುವುದಕ್ಕೂ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ವಯಸ್ಸಿನಲ್ಲಿ ಬಿಪಿ ಮಾತ್ರೆ ನುಂಗುತ್ತಾ ನೀರು ಬಿಟ್ಟರೆ ಕಿಡ್ನಿಗೆ ಬೇಗ ಪೆಟ್ಟು ಬೀಳುತ್ತದೆ.

ಇನ್ನೊಂದು ಮಾತು. "ನಾನು ಇರಬಾರದು" ಅನ್ನುವ ಯೋಚನೆ ಬರುತ್ತಿದೆಯಾ ಅಂತ ಅಮ್ಮನನ್ನು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತೆ ಅನ್ನುವುದು ತಪ್ಪು ನಂಬಿಕೆ. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ರಾತ್ರಿ ಹೊತ್ತಿನಲ್ಲಿ ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಇಸಿಟಿಗೆ ಬರೋಣ. ನಾನು ನಿಮ್ಮ ಅಮ್ಮನನ್ನು ನೋಡಿಲ್ಲ. ಹಾಗಾಗಿ ಅವರನ್ನು ನೋಡುತ್ತಿರುವ ಡಾಕ್ಟರ ಮಾತೇ ದೊಡ್ಡದು. ಆದರೆ ನೀವು ಬರೆದದ್ದನ್ನು ಓದಿದರೆ ಆ ಸಲಹೆ ಸರಿಯಾಗಿದೆ ಅಂತಲೇ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ಕರುಳು ಕೊಳೆತಿದೆ, ನನ್ನ ಪಾಪ ಮನೆಗೆ ತಟ್ಟುತ್ತದೆ ಅನ್ನುವುದು ಬರೀ ಬೇಜಾರಿನ ಮಾತಲ್ಲ. ಖಿನ್ನತೆ ತೀವ್ರವಾದಾಗ ಹುಟ್ಟುವ ಭ್ರಮೆ ಅದು. ನೀವು ಸ್ಕ್ಯಾನ್ ಮಾಡಿಸಿ ತೋರಿಸಿದರೂ ಅವರು ನಂಬುವುದಿಲ್ಲ. ಇಂಥ ಖಿನ್ನತೆಯಲ್ಲಿ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಬಹಳ ಸಲ ಸಾಲುವುದಿಲ್ಲ. ಭ್ರಮೆ ಇಳಿಸುವ ಇನ್ನೊಂದು ಮಾತ್ರೆಯನ್ನೂ ಜೊತೆಗೆ ಕೊಡಬೇಕು. ಅದು ಕೆಲಸ ಮಾಡಲು ವಾರಗಟ್ಟಲೆ ಹಿಡಿಯುತ್ತದೆ. ಊಟ ಬಿಟ್ಟವರಿಗೆ ಅಷ್ಟು ಸಮಯ ಇರುವುದಿಲ್ಲ.

ಇಸಿಟಿ ಅತಿ ಚೆನ್ನಾಗಿ ಕೆಲಸ ಮಾಡುವುದು ಇಲ್ಲೇ. ತೀವ್ರ ಖಿನ್ನತೆಯಲ್ಲಿ ಹತ್ತು ಜನಕ್ಕೆ ಕೊಟ್ಟರೆ ಆರರಿಂದ ಎಂಟು ಜನರಿಗೆ ಗುಣವಾಗುತ್ತದೆ. ಭ್ರಮೆಯೂ ಇರುವವರಲ್ಲಿ, ವಯಸ್ಸಾದವರಲ್ಲಿ ಫಲ ಇನ್ನೂ ಜಾಸ್ತಿ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ಮಾಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡವರ ಪೈಕಿ ಭ್ರಮೆ ಇದ್ದವರಲ್ಲಿ ಶೇ. 95, ಇಲ್ಲದವರಲ್ಲಿ ಶೇ. 83 ಜನ ಪೂರ್ಣ ಚೇತರಿಸಿಕೊಂಡಿದ್ದರು. ಮಧ್ಯದಲ್ಲಿ ಬಿಟ್ಟವರನ್ನೂ ಲೆಕ್ಕಕ್ಕೆ ತಗೊಂಡರೆ ಸಂಖ್ಯೆ ಇಳಿಯುತ್ತದೆ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹಾಗಿದ್ದರೂ ಮನೋವೈದ್ಯದಲ್ಲಿ ಇಂಥ ಫಲ ಕೊಡುವ ಚಿಕಿತ್ಸೆಗಳು ಬಹಳ ಇಲ್ಲ.

"ಹೆದರಿಸಿ ಬುದ್ಧಿ ಸರಿ ಮಾಡೋದು ತಾನೇ?" ಅಂತ ಕೇಳುವವರಿದ್ದಾರೆ. ಅಲ್ಲ. ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಒಂದು ಗುಂಪಿಗೆ ಅರಿವಳಿಕೆ ಕೊಟ್ಟು, ತಲೆಗೆ ಕರೆಂಟ್ ಹಾಯಿಸುವ ಪಟ್ಟಿ ಅಂಟಿಸಿ, ಕರೆಂಟ್ ಮಾತ್ರ ಕೊಡದೇ ಎಬ್ಬಿಸಿದರು. ಇನ್ನೊಂದು ಗುಂಪಿಗೆ ನಿಜವಾದ ಇಸಿಟಿ ಕೊಟ್ಟರು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಗುಣ ಅಳೆಯುವವರಿಗೂ ಗೊತ್ತಿಲ್ಲ. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಿಜವಾದ ಇಸಿಟಿ ಪಡೆದವರೇ ಹೆಚ್ಚು ಗುಣವಾಗಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇಸಿಟಿಯನ್ನು ಇಮಿಪ್ರಮೈನ್ ಅನ್ನುವ ಖಿನ್ನತೆಯ ಮಾತ್ರೆಯ ಜೊತೆ ಹೀಗೆಯೇ ಹೋಲಿಸಿ ನೋಡಿದ್ದರು. ಅದು 1982ರಲ್ಲೇ ಬ್ರಿಟನ್ನಿನ ಮನೋವೈದ್ಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅಂದರೆ ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ದಶಕಗಳ ಅನುಭವ ಇದೆ.

ಹಾಗಾದರೆ ಗುಣ ಮಾಡುವುದು ಏನು? ಇಡೀ ವಿಷಯದ ತಿರುಳು ಇಲ್ಲಿದೆ. ಗುಣ ಮಾಡುವುದು ಕರೆಂಟ್ ಅಲ್ಲ, ಅದರಿಂದ ಮಿದುಳಿನಲ್ಲಿ ಏಳುವ ಫಿಟ್ಸ್. ಕರೆಂಟ್ ಬರೀ ಕಿಡಿ ಹಚ್ಚುತ್ತದೆ ಅಷ್ಟೇ. ಕರೆಂಟ್ ಕೊಟ್ಟೂ ಫಿಟ್ಸ್ ಬರದಿದ್ದರೆ ಆ ಸಲದ ಇಸಿಟಿಯಿಂದ ಪ್ರಯೋಜನ ಇಲ್ಲ.

ಇದು ಮೊದಲು ಹುಟ್ಟಿದ್ದೇ ಕರೆಂಟ್ ಇಲ್ಲದೆ. 1934ರಲ್ಲಿ ಬುಡಾಪೆಸ್ಟ್‌ನ ಮೆದುನಾ ಎಂಬ ವೈದ್ಯರು ಕರ್ಪೂರದ ಇಂಜೆಕ್ಷನ್ ಕೊಟ್ಟು ರೋಗಿಗಳಿಗೆ ಫಿಟ್ಸ್ ಬರಿಸಿದರು. ಫಿಟ್ಸ್ ಇರುವವರಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಬರುವುದಿಲ್ಲ, ಎರಡಕ್ಕೂ ವೈರ ಇದೆ ಅನ್ನುವುದು ಅವರ ಲೆಕ್ಕಾಚಾರ. ಆ ಲೆಕ್ಕಾಚಾರ ತಪ್ಪು ಅಂತ ಆಮೇಲೆ ಗೊತ್ತಾಯಿತು. ಆದರೆ ಕೆಲವು ರೋಗಿಗಳು ನಿಜಕ್ಕೂ ಸುಧಾರಿಸಿದ್ದರು. ಇಂಜೆಕ್ಷನ್‌ನ ಕಷ್ಟ ಏನೆಂದರೆ ಫಿಟ್ಸ್ ಯಾವಾಗ ಬರುತ್ತೆ ಅಂತ ಹೇಳಲಾಗುತ್ತಿರಲಿಲ್ಲ. ಅದು ಬರುವವರೆಗೆ ರೋಗಿ ಎಚ್ಚರದಲ್ಲೇ ಇದ್ದು ಭಯಂಕರ ಸಂಕಟ ಪಡುತ್ತಿದ್ದರು. 1938ರ ಏಪ್ರಿಲ್‌ನಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬೀನಿ ಇಂಜೆಕ್ಷನ್ ಬದಲು ಕರೆಂಟ್ ಬಳಸಿದರು. ಕ್ಷಣದಲ್ಲೇ ಪ್ರಜ್ಞೆ ತಪ್ಪುತ್ತಿದ್ದುದರಿಂದ ಆ ಸಂಕಟ ತಪ್ಪಿತು.

ನಿಮ್ಮ ದೊಡ್ಡಪ್ಪನವರ ಭಯ ಸುಮ್ನೆ ಹುಟ್ಟಿದ್ದಲ್ಲ ಅನ್ನುವುದನ್ನೂ ಹೇಳಬೇಕು. ಆ ಕಾಲದಲ್ಲಿ ಅರಿವಳಿಕೆ ಇಲ್ಲದೆಯೇ ಕೊಡುತ್ತಿದ್ದರು. ಇಡೀ ಮೈ ಅದುರುತ್ತಿತ್ತು. ನಾಲ್ಕು ಜನ ಕೈಕಾಲು ಹಿಡಿದುಕೊಳ್ಳುತ್ತಿದ್ದರು. ಬೆನ್ನುಮೂಳೆ ಮುರಿದ ಉದಾಹರಣೆಗಳಿವೆ, ಹಲ್ಲು ಮುರಿದದ್ದಿದೆ. ಕೆಲವು ದೇಶಗಳ ಮಾನಸಿಕ ಆಸ್ಪತ್ರೆಗಳಲ್ಲಿ ಗಲಾಟೆ ಮಾಡುವವರನ್ನು ಸುಮ್ಮನಾಗಿಸಲು ಕೂಡ ಇದನ್ನು ಬಳಸಿದರು. ಅದು ಅನ್ಯಾಯ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. 1950ರ ದಶಕದ ಶುರುವಿನಲ್ಲಿ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಬಂತು. ಅದರ ಜೊತೆ ಅರಿವಳಿಕೆಯೂ ಸೇರಿದ ಮೇಲೆ ಈ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಸಿನಿಮಾಗಳು ಮಾತ್ರ ಹಳೆಯದನ್ನೇ ತೋರಿಸುತ್ತಾ ಬಂದವು. ರೋಗಿ ಕಿರುಚುವ ಆ ದೃಶ್ಯ ನೋಡಿ ಚಿಕಿತ್ಸೆ ಬೇಡ ಅಂದ ಮನೆಯವರನ್ನು ನಾನು ಕಂಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ದೃಶ್ಯ ಬರೆದವರ ಮೇಲೆ ಇದೆ.

ಭಾರತದಲ್ಲಿ ಈಗ ಇದು ಕಾನೂನಿನ ವಿಷಯವೂ ಹೌದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮಿನ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವಂತಿಲ್ಲ. 18 ತುಂಬದವರಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯನ್ನೂ ಮೊದಲೇ ಪಡೆಯಬೇಕು. ಯಾರಾದರೂ "ಅರಿವಳಿಕೆ ಏನೂ ಬೇಡ, ಇಲ್ಲೇ ಬೇಗ ಕೊಟ್ಟು ಕಳಿಸ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ನೀವು ಕೇಳಿದ ಫಿಸಿಯೋಥೆರಪಿ ಕರೆಂಟಿನ ಕೆಲಸ ಪೂರ್ತಿ ಬೇರೆ. ಮಂಡಿಗೆ ಸಾಮಾನ್ಯವಾಗಿ ಕೊಡುವುದು ಟೆನ್ಸ್ ಅಥವಾ ಐಎಫ್‌ಟಿ. ಅಲ್ಲಿ ಸಣ್ಣ ಕರೆಂಟ್ ಚರ್ಮದ ಕೆಳಗಿನ ನರಗಳನ್ನು ಜುಮ್ಮೆನ್ನಿಸುತ್ತದೆ. ಆ ಜುಮ್ಮೆನ್ನುವ ಸುದ್ದಿ ಬೆನ್ನುಹುರಿಗೆ ಹೋಗಿ ನೋವಿನ ಸುದ್ದಿಯನ್ನು ಹಿಂದಕ್ಕೆ ತಳ್ಳುತ್ತದೆ. ಮೆಲ್‌ಜಾಕ್ ಮತ್ತು ವಾಲ್ ಎಂಬ ಇಬ್ಬರು 1965ರಲ್ಲಿ ಮಂಡಿಸಿದ ಸಿದ್ಧಾಂತ ಇದಕ್ಕೆ ಆಧಾರ. ನೋವು ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ, ಸವೆದ ಮಂಡಿ ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಕರೆಂಟಿಗಿಂತ ವ್ಯಾಯಾಮ ಮುಖ್ಯ ಅಂತ ಒಳ್ಳೆಯ ಫಿಸಿಯೋಥೆರಪಿಸ್ಟ್‌ಗಳು ಹೇಳುವುದು.

ಹೃದಯಕ್ಕೂ ಕರೆಂಟ್ ಕೊಡುತ್ತೇವೆ. 1958ರಲ್ಲಿ ಸ್ವೀಡನ್‌ನ ಅರ್ನೆ ಲಾರ್ಸನ್ ಎಂಬುವರ ಮೈಯೊಳಗೆ ಮೊದಲ ಪೇಸ್‌ಮೇಕರ್ ಇಟ್ಟರು. ಆ ಮೊದಲ ಯಂತ್ರ ಕೆಲವೇ ಗಂಟೆ ಓಡಿತು. ಮುಂದೆ ಒಂದರ ಮೇಲೊಂದು ಪೇಸ್‌ಮೇಕರ್ ಬದಲಾಯಿಸಿಕೊಂಡು ಅವರು 86 ವರ್ಷ ಬದುಕಿದರು. ಹೃದಯ ಲಯ ತಪ್ಪಿ ನಡುಗುವಾಗ ಎದೆಯ ಮೇಲೆ ಕೊಡುವ ಶಾಕ್ ಇನ್ನೊಂದು ಬಗೆ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಮಿದುಳಿನ ಆಳಕ್ಕೆ ತೆಳು ತಂತಿ ಇಳಿಸಿ ಸತತವಾಗಿ ಸಣ್ಣ ಕರೆಂಟ್ ಕೊಡುವುದೂ ಇದೆ. ಎಲ್ಲ ಕಡೆಯೂ ಕರೆಂಟೇ. ಎಲ್ಲಿಗೆ, ಎಷ್ಟು, ಎಷ್ಟು ಹೊತ್ತು ಅನ್ನುವುದರ ಮೇಲೆ ಅದು ಮಾಡುವ ಕೆಲಸ ಬೇರೆಯಾಗುತ್ತದೆ.

ಇಸಿಟಿಯಲ್ಲಿ ಎಷ್ಟು ಕೊಡುತ್ತಾರೆ? ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. "ಮಿದುಳು ಸುಡುತ್ತೆ" ಅನ್ನುವ ಮಾತಿಗೆ ಉತ್ತರ ಈ ಲೆಕ್ಕದಲ್ಲಿದೆ. ನಿಮ್ಮ ಮನೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಕರೆಂಟ್ ಬಿಡುವಿಲ್ಲದೆ ಹರಿಯುತ್ತದೆ. ಹಳೆಯ ಇಸಿಟಿ ಯಂತ್ರಗಳೂ ಹೆಚ್ಚು ಕಡಿಮೆ ಹಾಗೆಯೇ ಕೊಡುತ್ತಿದ್ದವು. ಈಗಿನ ಯಂತ್ರಗಳು ತುಣುಕು ತುಣುಕಾಗಿ ಕೊಡುತ್ತವೆ. ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಡುವುದಕ್ಕೂ ಹನಿ ಹನಿಯಾಗಿ ಬಿಡುವುದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು.

ಒಂದು ಉದಾಹರಣೆ ತಗೊಳ್ಳಿ. ಕರೆಂಟ್ 800 ಮಿಲಿಆಂಪಿಯರ್. ಒಂದೊಂದು ತುಣುಕೂ ಸೆಕೆಂಡಿನ ಸಾವಿರದ ಒಂದು ಭಾಗ. ಸೆಕೆಂಡಿಗೆ 120 ತುಣುಕು. ಹೀಗೆ 4 ಸೆಕೆಂಡ್. ಲೆಕ್ಕ ಹಾಕಿದರೆ ಒಟ್ಟು 480 ತುಣುಕಾಯಿತು. ಅಂದರೆ 4 ಸೆಕೆಂಡಿನಲ್ಲಿ ಕರೆಂಟ್ ನಿಜವಾಗಿ ಹರಿದದ್ದು ಅರ್ಧ ಸೆಕೆಂಡಿಗಿಂತ ಕಡಿಮೆ. ಅದರಲ್ಲೂ ಹೆಚ್ಚಿನ ಪಾಲು ನೆತ್ತಿಯ ಚರ್ಮದಲ್ಲೇ ಹರಿದುಹೋಗುತ್ತದೆ. ತಲೆಬುರುಡೆ ಕರೆಂಟನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಮಿದುಳಿಗೆ ತಲುಪುವುದು ಉಳಿದ ಚೂರು. ಇದರಿಂದ ಮಿದುಳು ಸುಡುವಷ್ಟು ಶಾಖ ಹುಟ್ಟುವುದಿಲ್ಲ. ಪಟ್ಟಿ ಸರಿಯಾಗಿ ಕೂರದಿದ್ದರೆ ಚರ್ಮ ಸ್ವಲ್ಪ ಕೆಂಪಾಗಬಹುದು, ಅದಕ್ಕೇ ಅಲ್ಲಿ ಜೆಲ್ ಹಚ್ಚುತ್ತಾರೆ. ಕರೆಂಟ್ ಓಡುವುದು ತಲೆಯ ಮೇಲಿನ ಎರಡು ಪಟ್ಟಿಗಳ ನಡುವೆ ಮಾತ್ರ. ಎದೆಗೆ ಹೋಗುವುದಿಲ್ಲ.

ಎಲ್ಲರಿಗೂ ಒಂದೇ ಪ್ರಮಾಣವೂ ಇಲ್ಲ. ಮೊದಲ ದಿನ ಸಣ್ಣ ಪ್ರಮಾಣದಿಂದ ಶುರು ಮಾಡಿ, ಎಷ್ಟಕ್ಕೆ ಫಿಟ್ಸ್ ಬರುತ್ತದೆ ಅಂತ ನೋಡುತ್ತಾರೆ. ಅದು ಆ ವ್ಯಕ್ತಿಯ ಮಿತಿ. ಎರಡೂ ಕಣತಲೆಗೆ ಪಟ್ಟಿ ಇಡುವುದಾದರೆ ಮುಂದಿನ ಸಲದಿಂದ ಆ ಮಿತಿಯ ಒಂದೂವರೆ ಪಟ್ಟಿನಿಂದ ಎರಡೂವರೆ ಪಟ್ಟಿನವರೆಗೆ ಕೊಡುತ್ತಾರೆ. ಬಲಗಡೆ ಮಾತ್ರ ಕೊಡುವುದಾದರೆ ಐದಾರು ಪಟ್ಟು ಬೇಕಾಗುತ್ತದೆ. ವಯಸ್ಸಾದಷ್ಟೂ ಈ ಮಿತಿ ಏರುತ್ತದೆ. ಗಂಡಸರಲ್ಲಿ ಹೆಂಗಸರಿಗಿಂತ ಜಾಸ್ತಿ. ನಿಮ್ಮ ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ: "ತುಣುಕು ಕರೆಂಟಿನ ಯಂತ್ರವಾ? ಮಿತಿ ನೋಡಿ ಪ್ರಮಾಣ ಗೊತ್ತು ಮಾಡ್ತೀರಾ?" ಎರಡಕ್ಕೂ ಹೌದು ಅನ್ನುವ ಕಡೆ ಕೊಡಿಸಿ. ಇದು ನೇರವಾಗಿ ನೆನಪಿನ ಶಕ್ತಿಗೆ ಸಂಬಂಧಪಟ್ಟದ್ದು. ಅನವಶ್ಯಕವಾಗಿ ಜಾಸ್ತಿ ಕೊಟ್ಟ ಕರೆಂಟ್ ಹೆಚ್ಚಿನ ಗುಣ ತರುವುದಿಲ್ಲ, ಹೆಚ್ಚಿನ ಮರೆವು ತರುತ್ತದೆ.

ಆ ದಿನ ಏನೇನು ನಡೆಯುತ್ತದೆ ಅಂತ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ. ಇಸಿಟಿ ಸಾಮಾನ್ಯವಾಗಿ ಬೆಳಗ್ಗೆಯೇ ಇರುತ್ತದೆ. ಹಿಂದಿನ ರಾತ್ರಿಯ ಊಟ ಆದ ಮೇಲೆ ಏನೂ ತಿನ್ನುವಂತಿಲ್ಲ. ಬೆಳಗಿನ ಕಾಫಿಯೂ ಇಲ್ಲ. "ಒಂದು ಗುಟುಕು ಹಾಲು ತಾನೇ" ಅಂತ ಕೊಟ್ಟುಬಿಡುವವರಿದ್ದಾರೆ. ದಯವಿಟ್ಟು ಬೇಡ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬಿಪಿ ಮಾತ್ರೆಯನ್ನು ಮಾತ್ರ ಒಂದು ಗುಟುಕು ನೀರಿನಲ್ಲಿ ಕೊಡಲು ಹೇಳಬಹುದು. ಯಾವುದು ಕೊಡಬೇಕು, ಯಾವುದು ಬಿಡಬೇಕು ಅಂತ ಹಿಂದಿನ ದಿನವೇ ಬರೆಸಿಕೊಳ್ಳಿ.

ನಮ್ಮ ಕಡೆ ತಲೆಗೆ ಎಣ್ಣೆ ಹಚ್ಚುವ ರೂಢಿ ಇದೆ ಅಲ್ವಾ? ಹಿಂದಿನ ದಿನ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ಎಣ್ಣೆಯ ಮೇಲೆ ಪಟ್ಟಿ ಸರಿಯಾಗಿ ಕೂರುವುದಿಲ್ಲ. ಕೂದಲು ಬೋಳಿಸುವ ಪ್ರಶ್ನೆಯೇ ಇಲ್ಲ. ಕಟ್ಟಿಸಿದ ಹಲ್ಲುಸೆಟ್ ಇದ್ದರೆ ತೆಗೆಯಬೇಕು, ಅಲ್ಲಾಡುವ ಹಲ್ಲಿದ್ದರೆ ಮೊದಲೇ ಹೇಳಿ. ಉಗುರಿಗೆ ಬಣ್ಣ ಇದ್ದರೆ ಅಳಿಸಿ. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ನೋಡುವ ಯಂತ್ರಕ್ಕೆ ಅದು ಅಡ್ಡಿ. ನಿದ್ದೆಗೆ ಅಂತ ಅಮ್ಮ ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಲೇಬೇಕು. ಕೆಲವು ನಿದ್ದೆ ಮಾತ್ರೆಗಳು, ಫಿಟ್ಸ್‌ನ ಮಾತ್ರೆಗಳು ಮಿದುಳಿನಲ್ಲಿ ಫಿಟ್ಸ್ ಬರದ ಹಾಗೆ ತಡೆಯುತ್ತವೆ. ಆಗ ಕರೆಂಟ್ ಜಾಸ್ತಿ ಕೊಡಬೇಕಾಗುತ್ತದೆ.

ಒಳಗೆ ಹೋದ ಮೇಲೆ ಕೈಗೆ ಸೂಜಿ ಹಾಕಿ, ಇಸಿಜಿ, ಬಿಪಿ, ಆಮ್ಲಜನಕ ನೋಡುವ ಯಂತ್ರಗಳನ್ನು ಜೋಡಿಸುತ್ತಾರೆ. ಅರಿವಳಿಕೆಯ ಡಾಕ್ಟರು ಇರುತ್ತಾರೆ. ನಿದ್ದೆಯ ಇಂಜೆಕ್ಷನ್ ಕೊಟ್ಟ ಒಂದು ನಿಮಿಷದೊಳಗೆ ಅಮ್ಮನಿಗೆ ಪೂರ್ತಿ ನಿದ್ದೆ. ಅಲ್ಲಿಂದ ಮುಂದಿನದು ಯಾವುದೂ ಅವರಿಗೆ ಗೊತ್ತಾಗುವುದಿಲ್ಲ. ಆಮೇಲೆ ಸ್ನಾಯು ಸಡಿಲಿಸುವ ಇಂಜೆಕ್ಷನ್. ಅದನ್ನು ಕೊಡುವ ಮೊದಲು ಒಂದು ಕೈಗೋ ಕಾಲಿಗೋ ಬಿಪಿ ಪಟ್ಟಿ ಬಿಗಿದು ಗಾಳಿ ತುಂಬಿಸುತ್ತಾರೆ. ಆ ಒಂದು ಭಾಗಕ್ಕೆ ಔಷಧ ಹೋಗದ ಹಾಗೆ ಈ ಉಪಾಯ. ಫಿಟ್ಸ್ ಬಂದಾಗ ಆ ಪಾದ ಅಥವಾ ಹಸ್ತ ಮಾತ್ರ ಅದುರುತ್ತದೆ. ಅದನ್ನು ನೋಡಿ ಎಷ್ಟು ಸೆಕೆಂಡ್ ಇತ್ತು ಅಂತ ಬರೆದುಕೊಳ್ಳುತ್ತಾರೆ. ಜೊತೆಗೆ ಇಇಜಿಯಲ್ಲಿ ಮಿದುಳಿನ ಅಲೆಗಳೂ ಕಾಣುತ್ತವೆ. ಕರೆಂಟ್ ದವಡೆಯ ಸ್ನಾಯುವನ್ನು ನೇರವಾಗಿ ಬಿಗಿಯುವುದರಿಂದ ಹಲ್ಲಿನ ನಡುವೆ ಮೆತ್ತನೆಯ ರಬ್ಬರ್ ತುಂಡು ಇಡುತ್ತಾರೆ.

ಫಿಟ್ಸ್ ಸಾಮಾನ್ಯವಾಗಿ 20ರಿಂದ 60 ಸೆಕೆಂಡ್ ಇರುತ್ತದೆ. ತಾನಾಗಿಯೇ ನಿಲ್ಲುತ್ತದೆ. ಸ್ವಂತ ಉಸಿರಾಟ ಮರಳುವವರೆಗೆ ಮಾಸ್ಕ್‌ನಿಂದ ಆಮ್ಲಜನಕ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣು ಬಿಡುತ್ತಾರೆ. ಎಲ್ಲಿದ್ದೀನಿ, ಇವತ್ತು ಯಾವ ವಾರ ಅಂತ ಗೊಂದಲ ಇರುತ್ತದೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ತಿಳಿಯಾಗುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಗ ಪಕ್ಕದಲ್ಲಿ ನೀವೇ ಇರಿ. ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ. "ಆಸ್ಪತ್ರೆಯಲ್ಲಿದ್ದೀರಿ ಅಮ್ಮ, ಟ್ರೀಟ್‌ಮೆಂಟ್ ಆಯ್ತು, ನಾನಿಲ್ಲೇ ಇದ್ದೀನಿ" ಅಂದರೆ ಸಾಕು. ತಲೆನೋವು, ಮೈಕೈ ನೋವು, ವಾಕರಿಕೆ ಬರಬಹುದು. ಅದಕ್ಕೆ ಮಾತ್ರೆ ಇದೆ.

ವಾರಕ್ಕೆ ಎರಡು ಅಥವಾ ಮೂರು ಸಲದಂತೆ ಒಟ್ಟು 6ರಿಂದ 12 ಸಲ ಬೇಕಾಗುತ್ತದೆ. ಎಷ್ಟು ಅಂತ ಮೊದಲೇ ಗೊತ್ತು ಮಾಡಲಾಗುವುದಿಲ್ಲ. ಗುಣ ನೋಡಿಕೊಂಡು ನಿಲ್ಲಿಸುತ್ತಾರೆ. ಮನೆಯವರು ಮೊದಲು ಗಮನಿಸುವುದು ಸಣ್ಣ ಸಣ್ಣ ಬದಲಾವಣೆ. ತಟ್ಟೆಯಲ್ಲಿ ಹಾಕಿದ್ದನ್ನು ಮುಗಿಸುತ್ತಾರೆ, ತಾವೇ ಎದ್ದು ಮುಖ ತೊಳೆಯುತ್ತಾರೆ. "ನನಗೆ ಚೆನ್ನಾಗಿದೆ" ಅಂತ ಅವರೇ ಹೇಳುವುದು ಅದಾದ ಮೇಲೆ. ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಮೈಗೆ ಚೈತನ್ಯ ಬಂದು ಮನಸ್ಸು ಇನ್ನೂ ತಿಳಿಯಾಗದ ಆ ದಿನಗಳಲ್ಲಿ ಸಾಯುವ ಯೋಚನೆ ಇದ್ದವರನ್ನು ಒಂಟಿಯಾಗಿ ಬಿಡಬಾರದು.

ಈಗ ನೆನಪಿನ ವಿಷಯ. ಇಲ್ಲಿ ನಿಮಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಮರೆವು ಬರುತ್ತದೆ. ಅದರಲ್ಲಿ ಎರಡು ಬಗೆ ಇದೆ. ಒಂದು, ಚಿಕಿತ್ಸೆ ನಡೆಯುತ್ತಿರುವಾಗ ಹೊಸ ವಿಷಯ ನೆನಪಿನಲ್ಲಿ ನಿಲ್ಲುವುದಿಲ್ಲ. ಬೆಳಗ್ಗೆ ಅತ್ತಿಗೆ ಬಂದು ಮಾತಾಡಿಸಿದ್ದು ಸಂಜೆಗೆ ಮರೆತಿರುತ್ತದೆ. ಇದು ಚಿಕಿತ್ಸೆ ಮುಗಿದ ಮೇಲೆ ಸರಿಹೋಗುತ್ತದೆ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ್ದರು. ಕಲಿಯುವ, ನೆನಪಿಡುವ, ಯೋಚಿಸುವ ಶಕ್ತಿ ಕುಗ್ಗಿದ್ದು ಮುಖ್ಯವಾಗಿ ಕೊನೆಯ ಇಸಿಟಿಯ ನಂತರದ ಮೂರು ದಿನ. ಎರಡು ವಾರ ಕಳೆದ ಮೇಲೆ ಅವುಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಮುಂಚೆ ಇದ್ದದ್ದಕ್ಕಿಂತ ಚೆನ್ನಾಗಿದ್ದವು. ಖಿನ್ನತೆಯೇ ನೆನಪನ್ನು ತಿನ್ನುವ ಕಾಯಿಲೆ ಅನ್ನುವುದನ್ನು ಮರೆಯಬಾರದು.

ಇನ್ನೊಂದು ಬಗೆ ಹಳೆಯ ನೆನಪಿನದು. ಚಿಕಿತ್ಸೆಯ ವಾರಗಳದ್ದು ಮತ್ತು ಅದಕ್ಕೆ ಮುಂಚಿನ ಕೆಲವು ತಿಂಗಳ ನೆನಪುಗಳು ಅಲ್ಲಲ್ಲಿ ಹರಿದುಹೋಗಬಹುದು. ಅವುಗಳಲ್ಲಿ ಬಹಳಷ್ಟು ಮರಳಿ ಬರುತ್ತವೆ. ಕೆಲವು ಬರುವುದಿಲ್ಲ. ಕೆಲವರಿಗೆ ಇದು ಕಾಯಂ ಆಗಿ ಉಳಿಯುತ್ತದೆ. ಮೊಮ್ಮಗುವಿನ ನಾಮಕರಣವೋ, ಹೋದ ವರ್ಷದ ಪ್ರವಾಸವೋ ನೆನಪಿಗೆ ಬಾರದೇ ಇದ್ದರೆ ಅದು ಸಣ್ಣ ನಷ್ಟವಲ್ಲ. "ಅದೆಲ್ಲ ಏನೂ ಆಗಲ್ಲ" ಅಂತ ಹೇಳಿ ಸಹಿ ಹಾಕಿಸಿಕೊಳ್ಳುವುದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಆಮೇಲೆ ನೆನಪು ಹೋದಾಗ ರೋಗಿಗೆ ಆಗುವ ದೊಡ್ಡ ನೋವು ತನಗೆ ಮೋಸವಾಯಿತು ಅನ್ನುವುದು. ಆದರೆ ದೊಡ್ಡಪ್ಪ ಹೇಳುವ ಹಾಗೆ ಎಲ್ಲ ಅಳಿಸಿಹೋಗುವುದಿಲ್ಲ. ಅಮ್ಮನಿಗೆ ನಿಮ್ಮ ಹೆಸರು, ಮನೆ, ಅಡುಗೆ, ದೇವರ ಹಾಡು ಎಲ್ಲ ಇರುತ್ತದೆ. ಬಲಗಡೆ ಮಾತ್ರ ಪಟ್ಟಿ ಇಟ್ಟರೆ, ವಾರಕ್ಕೆ ಮೂರರ ಬದಲು ಎರಡು ಸಲ ಕೊಟ್ಟರೆ ಮರೆವು ಕಡಿಮೆ. ಗುಣ ಸ್ವಲ್ಪ ನಿಧಾನವಾಗಬಹುದು. ಊಟ ಬಿಟ್ಟವರಿಗೆ ವೇಗ ಮುಖ್ಯ ಅಂತ ಡಾಕ್ಟರು ಎರಡೂ ಕಡೆ ಕೊಡಲು ಹೇಳಬಹುದು. ಯಾಕೆ ಅಂತ ಕೇಳಿ, ಅವರು ವಿವರಿಸಬೇಕು.

ಒಂದು ಕೆಲಸ ಮಾಡಿ. ಚಿಕಿತ್ಸೆ ಶುರುವಾಗುವ ಮುಂಚೆ ಒಂದು ನೋಟ್‌ಬುಕ್ಕಿನಲ್ಲಿ ಬ್ಯಾಂಕ್ ಪಾಸ್‌ಬುಕ್ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು, ಸಂಘದ ಕಂತು ಯಾವಾಗ, ಮೊಬೈಲಿನ ಪಾಸ್‌ವರ್ಡ್ ಏನು ಅಂತೆಲ್ಲ ಬರೆದಿಡಿ. ಆ ವಾರಗಳಲ್ಲಿ ಆಸ್ತಿ, ಹಣದ ಯಾವ ಕಾಗದಕ್ಕೂ ಅಮ್ಮನಿಂದ ಸಹಿ ಹಾಕಿಸಬೇಡಿ.

ಜೀವಕ್ಕೆ ಅಪಾಯ ಎಷ್ಟು? ಹಲವು ದೇಶಗಳ ಲೆಕ್ಕ ಒಟ್ಟು ಮಾಡಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ 1 ಲಕ್ಷ ಇಸಿಟಿಗೆ ಸುಮಾರು 2 ಸಾವು. ಅರಿವಳಿಕೆ ಕೊಡುವ ಚಿಕಿತ್ಸೆಗಳ ಪೈಕಿ ಇದು ಬಹಳ ಕಡಿಮೆ. ಫಿಟ್ಸ್ ನಡೆಯುವಾಗ ಹೃದಯ ಬಡಿತವೂ ಬಿಪಿಯೂ ಒಮ್ಮೆಲೇ ಏರುತ್ತವೆ. ಹಾಗಾಗಿ ಅಮ್ಮನ ಬಿಪಿ ಹತೋಟಿಯಲ್ಲಿದೆಯಾ ಅಂತ ಮೊದಲು ನೋಡಬೇಕು. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಮಿದುಳಿನಲ್ಲಿ ಗಡ್ಡೆ ಅಥವಾ ಒತ್ತಡ ಹೆಚ್ಚಾಗಿದ್ದರೆ ಬಹಳ ಯೋಚಿಸಬೇಕಾಗುತ್ತದೆ. ಬರೀ ಬಿಪಿ ಇದೆ ಅನ್ನುವುದು ಬೇಡ ಅನ್ನಲು ಕಾರಣವಲ್ಲ.

ಬೇರೆ ದಾರಿ ಇಲ್ವಾ ಅಂತ ನಿಮ್ಮ ಮನೆಯಲ್ಲಿ ಕೇಳಬಹುದು. ತಲೆಯ ಮೇಲೆ ಕಾಂತದ ಸುರುಳಿ ಇಟ್ಟು ಮಾಡುವ ಆರ್‌ಟಿಎಂಎಸ್ ಇದೆ. ಅರಿವಳಿಕೆ ಬೇಡ, ಮರೆವಿಲ್ಲ. ಮಧ್ಯಮ ಮಟ್ಟದ ಖಿನ್ನತೆಗೆ ಅದು ಒಳ್ಳೆಯದೇ. ಆದರೆ ಭ್ರಮೆ ಬಂದು ಊಟ ಬಿಟ್ಟವರಿಗೆ ಅದನ್ನು ನಂಬಿ ಕೂರಲಾಗದು. ಆನ್‌ಲೈನ್‌ನಲ್ಲಿ ಮಾರುವ ತಲೆಗೆ ಕಟ್ಟುವ ಕರೆಂಟ್ ಪಟ್ಟಿಗಳು ಕೊಡುವುದು ಒಂದೆರಡು ಮಿಲಿಆಂಪಿಯರ್. ಅದರಿಂದ ಫಿಟ್ಸ್ ಏಳುವುದಿಲ್ಲ. ಅದು ಇಸಿಟಿಯ ಮನೆಮದ್ದಲ್ಲ, ಅದಕ್ಕೆ ದುಡ್ಡು ಹಾಕಬೇಡಿ.

ಸಹಿಯ ವಿಷಯ. ಮೊದಲ ಒಪ್ಪಿಗೆ ಕೇಳಬೇಕಾದದ್ದು ಅಮ್ಮನನ್ನೇ. ಭ್ರಮೆ ಇದೆ ಅಂದ ಮಾತ್ರಕ್ಕೆ ಅವರಿಗೆ ಏನೂ ಅರ್ಥವಾಗುವುದಿಲ್ಲ ಅಂತಲ್ಲ. ಅವರಿಗೆ ತಿಳಿಯುವ ಮಾತಿನಲ್ಲಿ, ಅವರು ಸ್ವಲ್ಪ ಸಮಾಧಾನದಲ್ಲಿರುವ ಹೊತ್ತಿನಲ್ಲಿ ಡಾಕ್ಟರು ವಿವರಿಸಬೇಕು. ವಿಷಯ ಅರ್ಥ ಮಾಡಿಕೊಂಡು ನಿರ್ಧಾರ ಹೇಳುವ ಸ್ಥಿತಿಯಲ್ಲಿ ಅವರಿಲ್ಲ ಅಂತ ಕಂಡರೆ ಕಾಯ್ದೆಯ ಪ್ರಕಾರ ಅವರ ನಾಮನಿರ್ದೇಶಿತ ಪ್ರತಿನಿಧಿ ಒಪ್ಪಿಗೆ ಕೊಡಬಹುದು. ಅದು ನೀವೋ, ನಿಮ್ಮ ತಂದೆಯೋ, ಅಮ್ಮ ಹೆಸರಿಸಿದ ಇನ್ಯಾರೋ ಆಗಿರಬಹುದು. ತುರ್ತು ಅನ್ನುವ ಕಾರಣಕ್ಕೆ ಯಾರ ಒಪ್ಪಿಗೆಯೂ ಇಲ್ಲದೆ ಇಸಿಟಿ ಕೊಡಲು ಕಾನೂನು ಬಿಡುವುದಿಲ್ಲ. ಒಪ್ಪಿಗೆ ಕೊಟ್ಟ ಮೇಲೂ ಎರಡು ಸಲ ಆಗಿ ಬೇಡ ಅನ್ನಿಸಿದರೆ ಹಿಂದಕ್ಕೆ ತೆಗೆದುಕೊಳ್ಳಬಹುದು.

ದೊಡ್ಡಪ್ಪನವರನ್ನು ಬಿಟ್ಟು ನಿರ್ಧಾರ ಮಾಡಬೇಡಿ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ. ಇಸಿಟಿ ಕೊಡುವ ಕೋಣೆ ಮತ್ತು ಯಂತ್ರವನ್ನು ತೋರಿಸಿ ಅಂತ ಕೇಳಿ. ಖಾಲಿ ಇರುವ ಹೊತ್ತಿನಲ್ಲಿ ತೋರಿಸಲು ಎಷ್ಟೋ ಡಾಕ್ಟರು ಒಪ್ಪುತ್ತಾರೆ. ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.

ಕೊನೆಗೆ, ಮನೆಯವರು ಬಹಳ ಸಲ ಎಡವುವ ಜಾಗ. ಅಮ್ಮ ಚೇತರಿಸಿಕೊಂಡ ಮೇಲೆ "ಕರೆಂಟಲ್ಲೇ ಗುಣ ಆಯ್ತಲ್ಲ" ಅಂತ ಮಾತ್ರೆ ನಿಲ್ಲಿಸಬೇಡಿ. ಇಸಿಟಿ ಮುಳುಗುತ್ತಿರುವವರನ್ನು ಮೇಲೆತ್ತುತ್ತದೆ, ಕಾಯಿಲೆ ಮರಳದ ಹಾಗೆ ಕಾಯುವುದಿಲ್ಲ. 2001ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಇಸಿಟಿಯಿಂದ ಗುಣವಾದವರನ್ನು ಆರು ತಿಂಗಳು ಗಮನಿಸಿದ್ದರು. ಆಮೇಲೆ ಔಷಧವಿಲ್ಲದ ಸಪ್ಪೆ ಮಾತ್ರೆ ಪಡೆದವರಲ್ಲಿ ಶೇ. 84 ಜನರಿಗೆ ಖಿನ್ನತೆ ಮರಳಿತು. ನಾರ್ಟ್ರಿಪ್ಟಿಲಿನ್ ಎಂಬ ಖಿನ್ನತೆಯ ಮಾತ್ರೆ ಮತ್ತು ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಎರಡೂ ಪಡೆದವರಲ್ಲಿ ಅದು ಶೇ. 39ಕ್ಕೆ ಇಳಿಯಿತು. ಕೆಲವರಿಗೆ ಮಾತ್ರೆಯ ಜೊತೆ ಹದಿನೈದು ದಿನಕ್ಕೋ ತಿಂಗಳಿಗೋ ಒಂದರಂತೆ ಇಸಿಟಿಯನ್ನು ಮುಂದುವರಿಸುವುದೂ ಇದೆ. ಮೊದಲ ಆರು ತಿಂಗಳು ಒಂದು ಭೇಟಿಯನ್ನೂ ತಪ್ಪಿಸಬೇಡಿ. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗುವುದು, ತಿಂಡಿ ಬೇಡ ಅನ್ನುವುದು, ಕರುಳಿನ ಮಾತು ಮತ್ತೆ ಬಾಯಿಗೆ ಬರುವುದು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಆ ವಾರವೇ ಡಾಕ್ಟರಿಗೆ ಫೋನ್ ಮಾಡಿ.